ಕೈ ಸಡಿಲ ಬಿಡವ್ವಾ

ಅಂಗಳ, ರಸ್ತೆ, ನಿಲ್ಲಿಸಿದ ಕಾರು ಎಲ್ಲವೂ ಹಿಮದಡಿ ಹೂತುಹೋಗುವ ಮಿಶಿಗನ್ನಿನ ಚಳಿಗಾಲದಲ್ಲಿ ಜೀರುಂಡೆ ಕೂಗಲು ಕಾರಣವೇ ಇಲ್ಲ. ಆದರೂ ಮಗಳ ಮನೆಯಲ್ಲಿ ನನ್ನ ನಿದ್ದೆ ಕೆಡಿಸಿದ್ದು ಜೀರುಂಡೆಯೇ. ತೀರ್ಥಹಳ್ಳಿಯಲ್ಲಿ ಮಳೆಗಾಲದ ರಾತ್ರಿ ಇಡೀ ಹಿತ್ತಿಲು ಕಿರ್ರೆನ್ನುತ್ತಿದ್ದರೂ ನಾವು ಹಾಯಾಗಿ ಮಲಗುತ್ತೇವೆ. ಇಲ್ಲಿ ಗೋಡೆಯಾಚೆ ಒಂದೇ ಒಂದು. ನಿಂತಿತು ಅಂದುಕೊಂಡು ಮಗ್ಗುಲು ಬದಲಿಸಿದರೆ ಮತ್ತೆ ಶುರು. ಬೆಳಿಗ್ಗೆ ಕಾಫಿ ಕುಡಿಯುತ್ತ ಮಗಳನ್ನು ಕೇಳಿದೆ, ಇದೇನೇ ಇದು ಎಂದು.

"ಅದು ಚುಕ್ಕಿ ಊಟ ಅಮ್ಮ," ಅಂದಳು. ಅವಳ ದನಿಯಲ್ಲಿ ಬೇಸರವೂ ಇತ್ತು, ಒಪ್ಪಿಕೊಂಡು ಸುಸ್ತಾದ ಗೃಹಿಣಿಯ ಸಮಾಧಾನವೂ ಇತ್ತು.

ಚುಕ್ಕಿ ಎಂದರೆ ಮೊಮ್ಮಗಳು ಸಾಕಿದ ಹಲ್ಲಿ. ಫೋನಿನಲ್ಲಿ ನೋಡಿದ್ದೆ, ಆದರೆ ಅದರ ಸಂಸಾರ ಇಷ್ಟು ದೊಡ್ಡದೆಂದು ಗೊತ್ತಿರಲಿಲ್ಲ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಜೀರುಂಡೆ ಮರಿಗಳು, ಅವು ಅಡಗಿ ಕೂರಲು ಮೊಟ್ಟೆಯ ರಟ್ಟು, ಅವಕ್ಕೆ ತಿನ್ನಲು ಗಜ್ಜರಿಯ ತುಂಡು. ಅಂಗಡಿಯವರು ಮರಿಗಳ ಜೊತೆ ರೆಕ್ಕೆ ಬಲಿತ ಗಂಡೊಂದನ್ನು ಸೇರಿಸಿಬಿಟ್ಟಿದ್ದರು, ರಾತ್ರಿಯೆಲ್ಲ ರೆಕ್ಕೆಗೆ ರೆಕ್ಕೆ ಉಜ್ಜಿ ಕೂಗುತ್ತಿದ್ದುದು ಅದು. ಫ್ರಿಜ್ಜಿನಲ್ಲಿ ನಾನು ಹೆಪ್ಪಿನ ಬಟ್ಟಲು ಇಡಲು ಹೋದರೆ ಅಲ್ಲೊಂದು ಡಬ್ಬಿ, ಗೋಧಿ ತೌಡಿನೊಳಗೆ ಹಳದಿ ಹುಳುಗಳು. ಮೀಲ್‌ವರ್ಮ್ ಎನ್ನುತ್ತಾರೆ. ಚಳಿಯಲ್ಲಿಟ್ಟರೆ ಅವು ಬೆಳೆದು ಜೀರಂಗಿಯಾಗದೆ ಮಂಕಾಗಿ ಬಿದ್ದಿರುತ್ತವೆ. ಮೊಸರು ಮೇಲಿನ ಅರೆಗೆ, ಹುಳು ಕೆಳಗಿನ ಅರೆಗೆ ಎಂದು ನಾವು ಆ ದಿನವೇ ತೀರ್ಮಾನ ಮಾಡಿಕೊಂಡೆವು.

ಲೆಪರ್ಡ್ ಗೆಕೊ ಎಂಬುದು ಅದರ ಜಾತಿ. ಹಳದಿ ಮೈಮೇಲೆ ಕಪ್ಪು ಚುಕ್ಕಿ, ಗೇಣಿಗಿಂತ ಕೊಂಚ ಕಡಿಮೆ ಉದ್ದ. ನಮ್ಮ ಗೋಡೆಯ ಹಲ್ಲಿಗೂ ಇದಕ್ಕೂ ದೂರದ ನೆಂಟಸ್ತಿಕೆ ಅಷ್ಟೆ. ನಮ್ಮದಕ್ಕೆ ರೆಪ್ಪೆಯಿಲ್ಲ, ನಾಲಿಗೆ ಚಾಚಿ ಕಣ್ಣು ಒರೆಸಿಕೊಳ್ಳುತ್ತದೆ. ಚುಕ್ಕಿ ರೆಪ್ಪೆ ಬಡಿಯುತ್ತಾಳೆ, ನಿದ್ದೆ ಬಂದರೆ ಕಣ್ಣು ಮುಚ್ಚುತ್ತಾಳೆ. ನಮ್ಮದು ಗಾಜಿನ ಮೇಲೂ ಸರಸರ ಓಡುತ್ತದೆ. ಚುಕ್ಕಿಯ ಬೆರಳಲ್ಲಿ ಅಂಟುವ ಗುಣವೇ ಇಲ್ಲ, ಸಣ್ಣ ಉಗುರುಗಳಿವೆ, ನೆಲದ ಮೇಲೆ ನಡೆಯುವ ಪ್ರಾಣಿ. ಅಫ್ಘಾನಿಸ್ತಾನ, ಪಾಕಿಸ್ತಾನ, ನಮ್ಮ ವಾಯವ್ಯ ಭಾರತದ ಕಲ್ಲುಗುಡ್ಡ, ಒಣನೆಲ ಇದರ ಮೂಲ ಮನೆ. ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯ ನೋಡಿಕೊಳ್ಳುತ್ತಿದ್ದ ಎಡ್ವರ್ಡ್ ಬ್ಲೈತ್ 1854ರಲ್ಲಿ ಇದನ್ನು ಮೊದಲು ವಿವರಿಸಿ ಹೆಸರಿಟ್ಟರು. ಪಂಜಾಬಿನ ಉಪ್ಪಿನ ಬೆಟ್ಟಗಳ ಸಾಲಿನಿಂದ ತಂದ ಹಲ್ಲಿ ಅದು. ಈಗ ಅಮೆರಿಕದಲ್ಲಿ ಸಾಕುವವರ ಮನೆಗಳಲ್ಲೇ ತಲೆಮಾರುಗಟ್ಟಲೆ ಮೊಟ್ಟೆಯೊಡೆದು ಹುಟ್ಟುತ್ತಿವೆ. "ಇವಳೂ ನಮ್ಮ ಕಡೆಯೋಳೇ ಅಜ್ಜಿ," ಎಂದು ಮೊಮ್ಮಗಳು ಹೇಳಿದಾಗ ನನಗೆ ಚುಕ್ಕಿಯ ಗಾಜಿನ ಪೆಟ್ಟಿಗೆಯ ಹತ್ತಿರ ಕುರ್ಚಿ ಎಳೆದುಕೊಳ್ಳಬೇಕೆನಿಸಿತು.

ಚುಕ್ಕಿಯ ಬಾಲ ನೋಡಿದರೆ ಅವಳ ಹಿಂದಿನ ಕತೆ ಗೊತ್ತಾಗುತ್ತದೆ. ಈ ಜಾತಿಯ ಬಾಲದಲ್ಲಿ ಉಂಗುರ ಉಂಗುರವಾಗಿ ಗೆರೆಗಳಿರುತ್ತವೆ, ತುದಿಗೆ ಹೋಗುತ್ತ ಸಣ್ಣಗಾಗುತ್ತದೆ. ಇವಳದು ಮೊಂಡು, ಗುಂಡಗೆ, ಮೇಲ್ಮೈ ನುಣ್ಣಗೆ, ಚುಕ್ಕಿಗಳೂ ಮೈಯ ಚುಕ್ಕಿಗಳೊಂದಿಗೆ ಹೊಂದುವುದಿಲ್ಲ. ಅದು ಎರಡನೆಯ ಬಾಲ. ಮೊದಲು ಅವಳನ್ನು ಸಾಕಿದ್ದ ಮನೆಯಲ್ಲಿ ಅವಳು ಓಡುವಾಗ ಮಕ್ಕಳು ಹಿಡಿದೆಳೆದು ಬಾಲ ಕಳಚಿತ್ತು. ಹಲ್ಲಿಯ ಬಾಲದ ಮೂಳೆಯಲ್ಲೇ ಮುರಿಯಲೆಂದು ಜಾಗಗಳಿರುತ್ತವೆ. ಹೆದರಿಕೆ ಮೇರೆ ಮೀರಿದಾಗ ಸ್ನಾಯು ಬಿಗಿದು ಆ ಜಾಗದಲ್ಲಿ ತಾನೇ ಬಿಟ್ಟುಕೊಡುತ್ತದೆ. ಬಿದ್ದ ಬಾಲ ನೆಲದ ಮೇಲೆ ಕುಣಿಯುತ್ತಿರುತ್ತದೆ, ಬೇಟೆಗೆ ಬಂದ ಪ್ರಾಣಿಯ ಕಣ್ಣು ಅದರ ಮೇಲಿರುವಾಗ ಹಲ್ಲಿ ಪಾರಾಗುತ್ತದೆ. ನಮ್ಮೂರಲ್ಲಿ ಬೆಕ್ಕಿನ ಮುಂದೆ ಇದನ್ನು ಎಷ್ಟೋ ಸಲ ನೋಡಿದ್ದೇನೆ, ಆಗ ನಮಗೆ ತಮಾಷೆ. ಲೆಪರ್ಡ್ ಗೆಕೊ ತನ್ನ ಕೊಬ್ಬನ್ನು ಹೆಚ್ಚಾಗಿ ಕೂಡಿಡುವುದು ಬಾಲದಲ್ಲಿ. ಬಾಲ ಹೋಯಿತೆಂದರೆ ಬರಗಾಲಕ್ಕೆ ಇಟ್ಟ ಕಣಜ ಹೋಯಿತು. ಮತ್ತೆ ಬೆಳೆಯುತ್ತದೆ ನಿಜ, ಒಳಗೆ ಮೂಳೆಯ ಬದಲು ಮೃದ್ವಸ್ಥಿಯ ಕಡ್ಡಿ ಇರುತ್ತದೆ, ಹೊರಗೆ ಇಂಥ ಮೊಂಡುತನ.

ಆ ಮನೆಯವರು ಇಟ್ಟುಕೊಳ್ಳಲಾರದೆ ಕೊಟ್ಟಾಗ ಮೊಮ್ಮಗಳು ತಂದುಕೊಂಡಳು. ತಂದ ಹೊಸತರಲ್ಲಿ ವಾರಗಟ್ಟಲೆ ಮುಟ್ಟಲೇ ಇಲ್ಲವಂತೆ. ನೀರು ಬದಲಿಸುವುದು, ಹುಳು ಹಾಕುವುದು, ಪಕ್ಕದಲ್ಲಿ ಕೂತು ಶಾಲೆಯ ಪಾಠ ಓದಿಕೊಳ್ಳುವುದು, ಇಷ್ಟೇ. ದನಿ ಅಭ್ಯಾಸವಾಗಲಿ, ಮನೆಯ ವಾಸನೆ ಅಭ್ಯಾಸವಾಗಲಿ ಎಂದು. ಹನ್ನೆರಡರ ಹುಡುಗಿ ಅಷ್ಟು ತಡೆದುಕೊಂಡಳೆಂದರೆ ನನಗೆ ಈಗಲೂ ಹೆಮ್ಮೆ.

ನಾನು ಬೆಳೆದ ಮನೆಯಲ್ಲಿ ಮುಟ್ಟುವ ವಿಚಾರ ತಲೆಕೆಳಗಾಗಿತ್ತು. ಅಲ್ಲಿ ಹಲ್ಲಿ ನಮ್ಮನ್ನು ಮುಟ್ಟುತ್ತಿತ್ತು. ಮಾತಿನ ನಡುವೆ ಅದು ಲೊಚಗುಟ್ಟಿದರೆ ನನ್ನ ಅಜ್ಜಿ ನೆಲಕ್ಕೆ ಬೆರಳು ತಟ್ಟಿ "ಕೃಷ್ಣ ಕೃಷ್ಣ" ಎನ್ನುತ್ತಿದ್ದಳು, ಆಡಿದ ಮಾತು ನಿಜವಾಗುತ್ತದೆಂದು. ಮೈಮೇಲೆ ಬಿದ್ದರೆ ಪಂಚಾಂಗ ತೆಗೆಯಬೇಕು. ತಲೆಯ ಮೇಲೆ ಬಿದ್ದರೊಂದು ಫಲ, ಭುಜಕ್ಕೊಂದು, ಮಂಡಿಗೊಂದು, ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ. ಫಲ ಏನೇ ಇರಲಿ, ತಲೆಗೆ ನೀರು ಹಾಕಿಕೊಂಡೇ ಒಳಗೆ ಬರಬೇಕು. ಅಜ್ಜಿ ಕಂಚಿಗೆ ಹೋಗಿ ಬಂದವಳು. ವರದರಾಜಸ್ವಾಮಿ ದೇವಸ್ಥಾನದ ಮೇಲ್ಛಾವಣಿಯಲ್ಲಿ ಚಿನ್ನದ ಹಲ್ಲಿ, ಬೆಳ್ಳಿಯ ಹಲ್ಲಿ ಇವೆ, ಮೆಟ್ಟಿಲೇರಿ ಮುಟ್ಟಿದವರಿಗೆ ಹಲ್ಲಿ ಬಿದ್ದ ದೋಷ ತಟ್ಟುವುದಿಲ್ಲ ಎಂಬ ನಂಬಿಕೆ. ಅಜ್ಜಿ ಮುಟ್ಟಿ ಬಂದದ್ದು ಕೇರಿಗೆಲ್ಲ ಗೊತ್ತಿತ್ತು. ಯಾರ ಮೈಮೇಲಾದರೂ ಹಲ್ಲಿ ಬಿದ್ದರೆ ಅವರು ಸ್ನಾನ ಮಾಡಿ ಬಂದು ಅಜ್ಜಿಯ ಕೈ ಮುಟ್ಟಿ ಹೋಗುತ್ತಿದ್ದರು. ಅವಳು ರೊಟ್ಟಿ ತಟ್ಟುತ್ತಿದ್ದರೂ ಎಡಗೈ ಚಾಚುತ್ತಿದ್ದಳು.

ಇದನ್ನೆಲ್ಲ ಮೊಮ್ಮಗಳಿಗೆ ಹೇಳಿದೆ. ಅವಳು ಗಾಜಿನ ಮೇಲೆ ಗದ್ದ ಊರಿ ಕೇಳಿಸಿಕೊಂಡು, ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು: "ಮನುಷ್ಯರು ಹಲ್ಲಿ ಮೇಲೆ ಬಿದ್ರೆ ಹಲ್ಲಿಗೆ ಏನು ಫಲ ಅಜ್ಜಿ?"

ಯಾವ ಪಂಚಾಂಗದಲ್ಲೂ ಅದು ಬರೆದಿಲ್ಲ. ಉತ್ತರ ಮಾತ್ರ ನಮ್ಮ ಮುಂದೆಯೇ ಗಾಜಿನೊಳಗೆ ಮೊಂಡು ಬಾಲ ಎಳೆದುಕೊಂಡು ಓಡಾಡುತ್ತಿತ್ತು.

ಅವಳು ಚುಕ್ಕಿಯನ್ನು ಎತ್ತಿಕೊಳ್ಳುವ ಬಗೆಯನ್ನು ನಾನು ದಿನವೂ ಸಾಯಂಕಾಲ ನೋಡುತ್ತಿದ್ದೆ. ಸಾಯಂಕಾಲವೇ ಏಕೆಂದರೆ ಅದು ಮುಸ್ಸಂಜೆಗೆ ಏಳುವ ಪ್ರಾಣಿ, ಹಗಲು ಮಲಗಿದ್ದಾಗ ಬಿಲದಿಂದ ಎಬ್ಬಿಸಬಾರದು. ಹೊಟ್ಟೆ ತುಂಬಾ ತಿಂದ ದಿನವೂ ಬೇಡ. ಅದಕ್ಕೆ ಜೀರ್ಣವಾಗಬೇಕಾದರೆ ಹೊಟ್ಟೆಯಡಿಗೆ ಕಾವು ಬೇಕು, ಪೆಟ್ಟಿಗೆಯ ಒಂದು ಬದಿಯ ನೆಲ 32 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುವಂತೆ ಥರ್ಮೋಸ್ಟಾಟ್ ಇಟ್ಟಿದ್ದಾರೆ, ಇನ್ನೊಂದು ಬದಿ ತಂಪು. ಮೊದಲು ಕೈ ತೊಳೆಯಬೇಕು, ವಾಸನೆಯಿಲ್ಲದ ಸೋಪಿನಲ್ಲಿ. ಚುಕ್ಕಿ ಲೋಕವನ್ನು ಅರಿಯುವುದು ನಾಲಿಗೆಯಿಂದ. ನಾಲಿಗೆ ತುದಿ ತಾಗಿಸಿ ವಾಸನೆ ಹಿಡಿಯುತ್ತಾಳೆ. ನಾನು ಇಂಗಿನ ಒಗ್ಗರಣೆ ಹಾಕಿ ಬಂದ ಕೈ ಅವಳಿಗೆ ಏನೆಂದು ತಿಳಿದೀತು? ತೊಳೆದ ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಬೇಕು. ಆಮೇಲೆ ನೆಲದ ಮೇಲೆ ಕೂರಬೇಕು. ಕುರ್ಚಿಯಲ್ಲಾಗಲಿ ನಿಂತುಕೊಂಡಾಗಲಿ ಹಿಡಿಯುವಂತಿಲ್ಲ, ಜಾರಿ ಬಿದ್ದರೆ ಎತ್ತರ ಕಡಿಮೆಯಿರಲಿ ಎಂದು.

"ಮೇಲಿಂದ ಕೈ ತರ್ಬೇಡ ಅಜ್ಜಿ. ಮೇಲಿಂದ ಬರೋದೆಲ್ಲ ಗೂಬೆ ಅಂತ ಅವಳಿಗೆ ಭಯ."

ಆದ್ದರಿಂದ ಪಕ್ಕದಿಂದ, ನೆಲಕ್ಕೆ ಹತ್ತಿ, ಅವಳು ನೋಡುತ್ತಿರುವಾಗಲೇ ಕೈ ಒಳಗೆ ಹೋಗಬೇಕು. ಅಂಗೈ ಮೇಲಾಗಿ ಅವಳ ಮುಂದೆ ಇಟ್ಟು ಸುಮ್ಮನಿರಬೇಕು. ಬಂದರೆ ಬಂದಳು. ಹತ್ತಿದ ಮೇಲೆ ಮುಷ್ಟಿ ಬಿಗಿಯುವಂತಿಲ್ಲ, ಹೊಟ್ಟೆಯಡಿಗೂ ನಾಲ್ಕು ಕಾಲಿಗೂ ಆಧಾರ ಸಿಗುವಂತೆ ಅಂಗೈ ಹರಡಿರಬೇಕು. ಮುಂದೆ ನಡೆದರೆ ಇನ್ನೊಂದು ಕೈ ಮುಂದೆ ಇಡು, ಅದನ್ನೂ ದಾಟಿದರೆ ಮೊದಲಿನ ಕೈ ಮತ್ತೆ ಮುಂದೆ. ಅವಳ ದಾರಿ ತುಂಡಾಗಬಾರದು. ಐದು ಹತ್ತು ನಿಮಿಷ, ಅಷ್ಟೇ. ಆಮೇಲೆ ಪೆಟ್ಟಿಗೆಯೊಳಗೆ ಕೈ ಇಳಿಸಿ ತಾನಾಗಿ ಇಳಿಯುವವರೆಗೆ ಕಾಯಬೇಕು.

ನಾನು ಕೈ ಇಟ್ಟಾಗ ಮೊಮ್ಮಗಳು ನನ್ನ ಹೆಬ್ಬೆರಳ ಬುಡ ಒತ್ತಿ ನೋಡಿ, "ಗಟ್ಟಿ ಇದೆ, ಲೂಸ್ ಮಾಡು" ಅಂದಳು. ಆ ಕ್ಷಣಕ್ಕೆ ನನಗೆ ನಮ್ಮ ಜಗಲಿಗೆ ಬರುತ್ತಿದ್ದ ಬಳೆಗಾರ ನೆನಪಾದ. ಶ್ರಾವಣಕ್ಕೆ ಮುಂಚೆ ಬೆನ್ನಿನ ಮೇಲೆ ಬಳೆಮಲಾರ ಹೊತ್ತು, ಮಳೆಗೆ ಕಂಬಳಿಕೊಪ್ಪೆ ಹಾಕಿಕೊಂಡು ಬರುತ್ತಿದ್ದ. ಹಸಿರು ಗಾಜಿನ ಬಳೆ ನನ್ನ ಗೆಣ್ಣು ದಾಟುವಾಗ ನೋವಾಗುತ್ತದೆಂದು ನಾನು ಕೈ ಬಿಗಿ ಮಾಡುತ್ತಿದ್ದೆ. "ಕೈ ಸಡಿಲ ಬಿಡವ್ವಾ," ಎನ್ನುತ್ತಿದ್ದ. ಬಿಗಿದ ಕೈಯಲ್ಲಿ ಬಳೆ ಒಡೆದು ಕೈಗೂ ಚುಚ್ಚುತ್ತದೆ. ಸಡಿಲ ಬಿಡು ಎಂದ ಮಾತ್ರಕ್ಕೆ ಕೈ ಸಡಿಲವಾಗದು, ಅದು ಅವನಿಗೆ ಗೊತ್ತಿತ್ತು. ಅದಕ್ಕೇ ಮಳೆ, ಬೆಳೆ, ನಮ್ಮ ಹಸು ಕರು ಹಾಕಿತೇ ಇಲ್ಲವೇ ಎಂದು ಮಾತು ತೆಗೆಯುತ್ತಿದ್ದ. ನಾನು ಕರುವಿನ ಬಣ್ಣ ಹೇಳುವಷ್ಟರಲ್ಲಿ ಬಳೆ ಮಣಿಕಟ್ಟಿಗೆ ಇಳಿದಿರುತ್ತಿತ್ತು. ಬಳೆ ತೊಡಿಸುವವನ ಬೆರಳಿನಲ್ಲಿ ಇದ್ದ ಆ ಸೌಮ್ಯತೆಯನ್ನು ನಾನು ಮುಂದೆ ಬಾಣಂತಿ ಕೋಣೆಯಲ್ಲಿ ಎಣ್ಣೆ ನೀರು ಹಾಕುವ ಹೆಂಗಸಿನ ಕೈಯಲ್ಲಿ ಮಾತ್ರ ಕಂಡಿದ್ದೇನೆ. ಎದುರಿನ ಜೀವ ಬಿಗಿಯಾಗಿದೆಯೋ ಸಡಿಲವಾಗಿದೆಯೋ ಎಂದು ಬೆರಳಿಗೇ ತಿಳಿಯುವ ಕಸುಬು ಅದು.

ಪೆಟ್ಟಿಗೆಯೊಳಗೆ ಕೈ ಇಟ್ಟುಕೊಂಡೇ ನಾನು ಮೊಮ್ಮಗಳಿಗೆ ಬಳೆಗಾರನ ಕತೆ ಹೇಳತೊಡಗಿದೆ. ಕಂಬಳಿಕೊಪ್ಪೆ ಎಂದರೇನು ಎಂದು ಅವಳು ಕೇಳಿದಳು. ಅದನ್ನು ವಿವರಿಸುತ್ತಿರುವಾಗ ಅಂಗೈ ತುದಿಗೆ ಏನೋ ಒದ್ದೆ ತಾಗಿತು. ಚುಕ್ಕಿಯ ನಾಲಿಗೆ. ಆಮೇಲೆ ಒಂದು ಮುಂಗಾಲು, ಇನ್ನೊಂದು. ಉಗುರಿನ ಮೊನೆ ತಾಗಿತೆಂದೂ ಹೇಳಲಾರದಷ್ಟು ಹಗುರ. ಆಮೇಲೆ ಹೊಟ್ಟೆ ಪೂರ್ತಿ ನನ್ನ ಅಂಗೈಗೆ ಬಂತು. ಬೆಚ್ಚಗಿತ್ತು. ಹಲ್ಲಿ ಎಂದರೆ ತಣ್ಣಗೆ, ಜಿಗುಟು ಎಂದು ಅಂದುಕೊಳ್ಳುತ್ತೇವಲ್ಲ, ಎರಡೂ ಅಲ್ಲ, ಒಣಗಿದ ಮೆತ್ತನೆಯ ಚರ್ಮ, ಮೇಲೆ ಸಣ್ಣ ಸಣ್ಣ ಗುಳ್ಳೆ. ಅಡುಗೆಮನೆಯ ತಕ್ಕಡಿಯಂಥದ್ದರಲ್ಲಿ ಮೊಮ್ಮಗಳು ವಾರಕ್ಕೊಮ್ಮೆ ತೂಗಿ ಬರೆದಿಡುತ್ತಾಳೆ, 60 ಗ್ರಾಮಿಗೆ ಒಂದೆರಡು ಕಡಿಮೆ. ಗಂಟಲ ಕೆಳಗಿನ ತೆಳು ಚರ್ಮ ಉಬ್ಬಿ ತಗ್ಗುತ್ತಿತ್ತು. ತಲೆಯ ಪಕ್ಕದಲ್ಲಿ ಕಿವಿಯ ತೂತು. ಕಿಟಕಿಯ ಕಡೆ ಅವಳು ತಿರುಗಿದಾಗ ಆ ತೂತಿನೊಳಗೆ ಬೆಳಕು ಕಂಡಿತು. ಒಂದು ಕಿವಿಯಿಂದ ನೋಡಿದರೆ ಆಚೆಯ ಕಿವಿಯ ಬೆಳಕು ಕಾಣುತ್ತದೆ! ನನ್ನ ಕಣ್ಣನ್ನೇ ನಂಬದೆ ಮೊಮ್ಮಗಳನ್ನು ಕೇಳಿದೆ, ಹೌದು ಅಜ್ಜಿ, ಲೆಪರ್ಡ್ ಗೆಕೊಗಳಿಗೆಲ್ಲ ಹಾಗೇ ಅಂದಳು. ಅಷ್ಟು ತೆಳುವಾದ ತಲೆ. ಅದನ್ನು ನನ್ನ ಅಂಗೈಗೆ ಒಪ್ಪಿಸಿ ಅವಳು ನಿಂತಿದ್ದಳು.

ಇಳಿದು ಹೋದ ಮೇಲೆ ಮತ್ತೆ ಕೈ ತೊಳೆಯಬೇಕು, ಈ ಸಲ ನಮಗಾಗಿ. ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಹಲ್ಲಿ, ಹಾವು, ಆಮೆಗಳಲ್ಲಿ ಅವಕ್ಕೆ ತೊಂದರೆ ಕೊಡದೆ ಇದ್ದುಬಿಡಬಹುದು, ನಮ್ಮ ಹೊಟ್ಟೆಗೆ ಬಂದರೆ ಕೆಡಿಸುತ್ತದೆ. ಚುಕ್ಕಿಯ ನೀರಿನ ಬಟ್ಟಲು ಅಡುಗೆಮನೆಯ ಸಿಂಕಿಗೆ ಬರುವ ಹಾಗಿಲ್ಲ. ಮುಟ್ಟಿದರೆ ಸ್ನಾನ ಎಂದ ನನ್ನ ಅಜ್ಜಿಗೆ ಈ ನಿಯಮ ಪೂರ್ತಿ ಒಪ್ಪಿಗೆಯಾಗುತ್ತಿತ್ತು.

ಕ್ರಿಸ್‌ಮಸ್ ರಜೆಯಲ್ಲಿ ನೆಂಟರೊಬ್ಬರು ಬಂದಿದ್ದರು. ಮಕ್ಕಳ ಮೇಲೆ ಪ್ರೀತಿ ಇರುವವರು, ಪೆಟ್ಟಿಗೆ ನೋಡಿದವರೇ ಮುಚ್ಚಳ ಸರಿಸಿ ಮೇಲಿನಿಂದ ಕೈ ಇಳಿಸಿದರು. ಚುಕ್ಕಿ ಕಾಲು ಚಾಚಿ ಮೈ ಎತ್ತರಿಸಿ ನಿಂತಳು, ಬಾಲವನ್ನು ಮೇಲಕ್ಕೆತ್ತಿ ನಿಧಾನವಾಗಿ ಅತ್ತಿಂದಿತ್ತ ಬಳುಕಿಸಿದಳು. ಹುಳು ಕಂಡಾಗ ಬಾಲದ ತುದಿ ಪಟಪಟ ನಡುಗುವುದು ಬೇರೆ, ಅದು ಆಸೆ. ಇದು ಬೆದರಿಕೆ, ಬಾಲ ಕಳಚುವ ಹಿಂದಿನ ಮಾತು. ನೆಂಟರು, "ನೋಡಿ, ಬಾಲ ಅಲ್ಲಾಡಿಸ್ತಿದೆ, ನಾಯಿಮರಿ ಥರ," ಎಂದು ನಕ್ಕರು. ಮೊಮ್ಮಗಳ ಮುಖ ಬಿಳುಚಿಕೊಂಡಿತು. "ಅಂಕಲ್, ಪ್ಲೀಸ್, ಕೈ ತೆಗೀರಿ, ನಿಧಾನಕ್ಕೆ," ಅಂದಳು. ದೊಡ್ಡವರಿಗೆ ಎದುರಾಡಬಾರದೆಂದು ನಾವು ಕಲಿಸುತ್ತೇವೆ. ಅವಳು ಆಡಿದ್ದು ನನಗೆ ಬಹಳ ಸರಿ ಎನಿಸಿತು. ಮಾತು ಬಾರದ ಪ್ರಾಣಿಯ ಪರವಾಗಿ ಮನೆಯಲ್ಲಿ ಒಬ್ಬರಾದರೂ ಆಡಬೇಕು. ಅವರು ಕೈ ತೆಗೆದರು, ಬಾಲ ಉಳಿಯಿತು. ಅಂದು ರಾತ್ರಿ ಚುಕ್ಕಿ ಹುಳು ಮುಟ್ಟಲಿಲ್ಲ, ಮರುದಿನವೂ ಬಿಲ ಬಿಟ್ಟು ಬರಲಿಲ್ಲ. ಮೊಮ್ಮಗಳು ಅವಳನ್ನು ಹಾಗೇ ಬಿಟ್ಟಳು.

ಹಲ್ಲಿಗೆ ಟೋಪಿ ತೊಡಿಸಿ, ಭುಜದ ಮೇಲೆ ಕೂರಿಸಿ ಫೋಟೋ ತೆಗೆಯುವವರಿದ್ದಾರೆ, ಫೋನಿನಲ್ಲಿ ಬರುತ್ತಿರುತ್ತವೆ. ಅದರ ಬಾಯಿಯ ಗೆರೆಯೇ ತುದಿಯಲ್ಲಿ ಮೇಲಕ್ಕೆ ಬಾಗಿದೆ, ಹೆದರಿ ಬಿಗಿಯಾಗಿ ನಿಂತಿದ್ದರೂ ನಗುತ್ತಿರುವ ಹಾಗೆ ಕಾಣುತ್ತದೆ. ನನಗೆ ಆ ಫೋಟೋಗಳು ಹಿಡಿಸುವುದಿಲ್ಲ. ಚುಕ್ಕಿಗೆ ನಮ್ಮ ಮೇಲೆ ಪ್ರೀತಿ ಇದೆಯೇ ಎಂದು ಮೊಮ್ಮಗಳನ್ನು ಕೇಳಿದ್ದೆ. "ಗೊತ್ತಿಲ್ಲ ಅಜ್ಜಿ, ಆದ್ರೆ ಭಯ ಇಲ್ಲ," ಅಂದಳು. ಬಾಲ ಕಳೆದುಕೊಂಡು ಬಂದವಳಿಗೆ ಭಯ ಹೋಗಿದೆ ಎನ್ನುವುದು ಸಣ್ಣ ಸಂಗತಿಯಲ್ಲ. ಮನುಷ್ಯರಲ್ಲೂ ಎಷ್ಟೋ ಮನೆಗಳಲ್ಲಿ ಅಷ್ಟು ದೊರೆಯುವುದಿಲ್ಲ.

ಒಂದು ಸಂಜೆ ಹೋಗಿ ನೋಡಿದರೆ ಚುಕ್ಕಿಯ ಹಳದಿ ಮಾಸಿ, ಮೈಯೆಲ್ಲ ಸುಣ್ಣ ಬಳಿದಂತೆ ಆಗಿತ್ತು. ಕಾಯಿಲೆಯೇನೋ ಎಂದು ಗಾಬರಿಯಾಯಿತು. ಪೊರೆ ಬಿಡುವ ಹೊತ್ತು. ಅವಳಿಗೆಂದು ಒದ್ದೆ ಪಾಚಿ ತುಂಬಿದ ಡಬ್ಬಿಯೊಂದಿದೆ, ಅದರೊಳಗೆ ಹೋಗಿ ಮೈ ಮೆತ್ತಗೆ ಮಾಡಿಕೊಂಡು, ಬಾಯಿಂದ ಪೊರೆ ಎಳೆದು ಎಳೆದು ಅದನ್ನೇ ತಿಂದು ಮುಗಿಸುತ್ತಾಳೆ. ಆಗ ಚರ್ಮ ನವಿರು, ಮುಟ್ಟಿದರೆ ಹಿಂಸೆ. ಮೊಮ್ಮಗಳ ಗೆಳತಿಯೊಬ್ಬಳು ಹಲ್ಲಿ ನೋಡಲೆಂದೇ ಹಿಮದಲ್ಲಿ ಬಂದಿದ್ದಳು, ಅವಳಿಗೂ ಬೇಡ ಎಂದುಬಿಟ್ಟಳು. ಪೊರೆ ಹೋದ ಮೇಲೆ ಭೂತಗನ್ನಡಿ ಹಿಡಿದು ಒಂದೊಂದೇ ಬೆರಳು ನೋಡಿದಳು. ಬೆರಳ ತುದಿಯಲ್ಲಿ ಪೊರೆ ಉಳಿದರೆ ಒಣಗಿ ಬಿಗಿದು ರಕ್ತ ಓಡುವುದು ನಿಲ್ಲುತ್ತದೆ, ಬೆರಳೇ ಹೋಗಬಹುದು. ಹಿಂಗಾಲಿನ ಕಿರುಬೆರಳಲ್ಲಿ ಚೂರು ಉಳಿದಿತ್ತು. ಉಗುರುಬೆಚ್ಚನೆ ನೀರಲ್ಲಿ ಕಾಲು ನೆನೆಸಿ ಒದ್ದೆ ಹತ್ತಿಕಡ್ಡಿಯಿಂದ ಬಿಡಿಸಿದಳು.

ಈ ಹಲ್ಲಿಗಳು ಚೆನ್ನಾಗಿ ನೋಡಿಕೊಂಡರೆ 15ರಿಂದ 20 ವರ್ಷ ಬದುಕುತ್ತವೆ. ಒಂದು ದಿನ ಪಾತ್ರೆ ಒರೆಸುತ್ತ ಮಗಳು ಲೆಕ್ಕ ಹಾಕಿದಳು. ಇನ್ನಾರು ವರ್ಷಕ್ಕೆ ಹುಡುಗಿ ಕಾಲೇಜಿಗೆ ಹೊರಡುತ್ತಾಳೆ, ಹಾಸ್ಟೆಲಿಗೆ ಹಲ್ಲಿ ಬಿಡುವುದಿಲ್ಲ. "ಆಮೇಲೆ ನಾನೇ ಅಮ್ಮ," ಅಂದಳು. ನನ್ನ ಮಗಳು ಚಿಕ್ಕವಳಿದ್ದಾಗ ಬಚ್ಚಲಲ್ಲಿ ಹಲ್ಲಿ ಕಂಡರೆ ಸೋಪಿನ ಮೈಯಲ್ಲೇ ಓಡಿ ಬರುತ್ತಿದ್ದವಳು. ಹುಳುವಿನ ಡಬ್ಬಿ ತಂದಿಡುತ್ತಾಳೆ, ಥರ್ಮೋಸ್ಟಾಟ್ ನೋಡುತ್ತಾಳೆ, ಆದರೆ ಇಲ್ಲಿಯವರೆಗೆ ಮುಟ್ಟಿದ್ದಿಲ್ಲ. ಎಂದಾದರೂ ಡಾಕ್ಟರ ಬಳಿ ಒಯ್ಯಬೇಕಾದರೆ, ಕಾಲು ನೆನೆಸಬೇಕಾದರೆ, ಕೈಗೆ ಬರುವ ಅಭ್ಯಾಸ ಇಬ್ಬರಿಗೂ ಇರಬೇಕು. ಈಗಿನಿಂದಲೇ ಶುರು ಮಾಡು, ಅಂದೆ.

ಅಂದು ಸಂಜೆ ಮಗಳು ವಾಸನೆಯಿಲ್ಲದ ಸೋಪು ಹಚ್ಚಿ ಕೈ ತೊಳೆದು, ಉಂಗುರ ತೆಗೆದಿಟ್ಟು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಬಲಗೈ ಒಳಗಿಟ್ಟಳು. ಮೊಮ್ಮಗಳು ಹೆಬ್ಬೆರಳ ಬುಡ ಒತ್ತಿ ನೋಡಿ, ನನ್ನ ಕಡೆ ತಿರುಗಿ, "ಅಜ್ಜಿ, ಅಮ್ಮಂಗೆ ಏನಾದ್ರೂ ಕತೆ ಹೇಳು," ಅಂದಳು. ನಾನು ಊರಿನ ಸುದ್ದಿ ತೆಗೆದೆ. ಮಗಳ ಭುಜ ಸ್ವಲ್ಪ ಇಳಿಯಿತು. ಚುಕ್ಕಿ ಬಿಲದಿಂದ ತಲೆ ಹೊರಗೆ ಹಾಕಿ, ಎರಡು ಹೆಜ್ಜೆ ಬಂದು, ಕಿರುಬೆರಳಿಗೆ ನಾಲಿಗೆ ತಾಗಿಸಿ ನೋಡಿದಳು. ಒಮ್ಮೆ ರೆಪ್ಪೆ ಬಡಿದಳು. ಆಮೇಲೆ ತಿರುಗಿ ಮೊಂಡು ಬಾಲ ಎಳೆದುಕೊಂಡು ಬಿಲಕ್ಕೇ ಹೋದಳು.

"ಇವತ್ತು ಬೇಡ್ವಂತೆ ಅಮ್ಮ," ಎಂದು ಮೊಮ್ಮಗಳು ಮುಚ್ಚಳ ಹಾಕಿದಳು.

"ಸರಿ, ನಾಳೆ ನೋಡೋಣ," ಎಂದು ಮಗಳು ಎದ್ದು ಕೈ ತೊಳೆಯಲು ಹೋದಳು. ನಾನು ಒಲೆಯ ಮೇಲಿಟ್ಟ ಸಾರು ಕುದಿಯಿತೇನೋ ನೋಡಲು ಹೋದೆ.